ಕರ್ನಲ್ 6.6 ಅಂತ ಹೇಳಿ 4.4 ಮಾರ್ಯಾನ, ಬೋರ್ಡ್ ತಗೋಳೂ ಮುಂಚೆ ಇದನ್ನ ಓದ್ರಿ

ವಿಜಯಪುರ, ಬಾಗಲಕೋಟ ಕಡೆ ದ್ರಾಕ್ಷಿ ಪಡಕ್ಕ, ದಾಳಿಂಬ್ರಿ ತ್ವಾಟಕ್ಕ ಸೆನ್ಸರ್ ಸ್ಟೇಷನ್ ಹಾಕಿ ಕೊಡೂ ಹುಡುಗರಿಗೆಲ್ಲಾ ಇದು ಮುಟ್ಟಬೇಕು. ಬೆಳಗಾವಿ ಕಡೆ ಒಬ್ಬ ಸಪ್ಲೈಯರ್ ಅದಾನ. ಸಿಂಗಲ್ ಬೋರ್ಡ್ ಕಂಪ್ಯೂಟರ್‌ಗೆ (ಒಂದs ಬೋರ್ಡ್ ಮ್ಯಾಲಿನ ಸಣ್ಣ ಕಂಪ್ಯೂಟರ್) ತನ್ನದs ಒಂದು ಬೇಸ್ ಬೋರ್ಡ್ ಜೋಡಿಸಿ, ಸೆನ್ಸರ್ ವೈರ್ ಹಚ್ಚೂ ಆರ್‌ಎಸ್-485 ಪೋರ್ಟ್ ಕೊಟ್ಟು, "ಲೇಟೆಸ್ಟ್ ಲಿನಕ್ಸ್, ಕರ್ನಲ್ 6.6, ಎಲ್ಲಾ ಡ್ರೈವರ್ ರೆಡಿ, ಪ್ಲಗ್ ಮಾಡ್ರಿ ಬಳಸ್ರಿ" ಅಂತ ಮಾರ್ತಾನ. ಕರ್ನಲ್ ಅಂದ್ರ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಡ್ರೈವರ್ ಅಂದ್ರ ಒಂದೊಂದು ಚಿಪ್ ನಡಸೂ ಕೋಡ್. ಕಂಪ್ಲೇಂಟ್ ನಡದದ, ಅದಕ್ಕ ಹೆಸರು ಬರಿಯಂಗಿಲ್ಲ. ಆದ್ರ ಮಾಡಿದ್ದು ಏನು ಅಂತ ಪೂರಾ ಬರೀತೀನಿ, ಯಾಕಂದ್ರ ಇಂಥಾದ್ದು ನಾ ಎಲ್ಲೂ ಕೇಳಿದ್ದಿಲ್ಲ.

ತಿಕೋಟಾ ಕಡೆ ನಮ್ಮ ಪಡ ಮತ್ತ ಬಾಜೂದವರ ಪಡಕ್ಕ ಅಂತ ಬೋರ್ಡ್ ತರಿಸಿದ್ದೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸೋದು) ಆದ ಮ್ಯಾಲ ಎಲಿ ಎಷ್ಟ್ ತಾಸು ಹಸಿ ಇತ್ತು ಅನ್ನೋದು ಗೊತ್ತಾಗಲಿಲ್ಲಂದ್ರ ಡೌನಿ (ಬೂಜು ರೋಗ) ಬಂದು ಗೊನಿನs ಹೋಗ್ತಾವ, ಪಡ ಇದ್ದವರಿಗೆ ಇದು ಹೇಳೋದು ಬ್ಯಾಡ. ಎಲಿ ಸೆನ್ಸರ್ ರೀಡಿಂಗ್ ಆ 485 ವೈರಿನ ಮೋಡ್‌ಬಸ್ ಭಾಷೆದಾಗ ಬರ್ತಿತ್ತು, ಅದೇನೋ ಸರಿ ಇತ್ತು. ಆದ್ರ ಬೋರ್ಡಿನ ವೈಫೈ ಮನಿ ತನಕ ಮುಟ್ಟಂಗಿಲ್ಲ, ಅದಕ್ಕ ಆಂಟೆನಾ ಇದ್ದ ಯುಎಸ್‌ಬಿ ಡಾಂಗಲ್ ಹಾಕ್ದೆ, ಒಳಗ ರಿಯಲ್‌ಟೆಕ್ 8821ಸಿಯು ಚಿಪ್. ಈ ಚಿಪ್ಪಿನ ಡ್ರೈವರ್ 6.2ರಿಂದ ಕರ್ನಲ್ ಒಳಗs ಬರ್ತದ. 6.6 ಅಂದ್ರ ಹಾಕಿದ ಕೂಡ್ಲೇ ನಡೀಬೇಕು. ನಡೀಲಿಲ್ಲ.

ಎಲ್‌ಎಸ್‌ಯುಎಸ್‌ಬಿ ಕಮಾಂಡ್ (ಹಚ್ಚಿದ ಯುಎಸ್‌ಬಿ ಸಾಮಾನಿನ ಪಟ್ಟಿ) ಕೊಟ್ಟು ನೋಡಿದ್ರ ಐಡಿ 0ಬಿಡಿಎ:1ಎ2ಬಿ ಅಂತ ಬಂತು. ಅಂದ್ರ ಡಾಂಗಲ್ ಇನ್ನೂ ವಿಂಡೋಸ್ ಡ್ರೈವರ್ ಇಟ್ಟಿರೋ ಸಿಡಿ ಡ್ರೈವ್ ವೇಷದಾಗ ಅದ, ಈ ಚಿಪ್ಪಿಂದು ಇದು ಮಾಮೂಲಿ. ಮೋಡ್‌ಸ್ವಿಚ್ ಮಾಡಿ ಆ ವೇಷ ಕಳಚಿದ ಮ್ಯಾಲ ಐಡಿ ಬದಲಾತು. ಅಂದ್ರ ಡಾಂಗಲ್ ಜೀವಂತ ಅದ. ಆದ್ರೂ ವೈಫೈ ಇಂಟರ್‌ಫೇಸ್ (ಡಬ್ಲ್ಯೂಲ್ಯಾನ್) ಇಲ್ಲ. ಸಪ್ಲೈಯರ್‌ಗೆ ಫೋನ್ ಮಾಡಿದ್ರ ಅಂವ ಅಂದಿದ್ದು, "ಡಾಂಗಲ್ ಡೂಪ್ಲಿಕೇಟ್ ಇರ್ಬೇಕು ರೀ." ಲ್ಯಾಪ್‌ಟಾಪಿಗೆ ಹಾಕಿ ನಡಿಯೂ ವಿಡಿಯೋ ಕಳಿಸ್ದೆ. ಆವಾಗ "ಹಂಗಾರ ನಿಮ್ಮ ಚಾರ್ಜರ್ ವೀಕ್ ಅದ" ಅಂದ. ಪವರ್ ಕಮ್ಮಿ ಬಿದ್ರ ಈ ಬೋರ್ಡ್‌ಗಳು ಹುಚ್ಚರಂಗ ಆಡ್ತಾವ ಅನ್ನೋದು ಖರೇ, ಅರ್ಧ ತೊಂದ್ರಿ ಅಲ್ಲಿಂದs ಶುರು ಆಗ್ತಾವ, ಅದಕ್ಕ ಮಲ್ಟಿಮೀಟರ್ ಹಚ್ಚಿ ಬೋರ್ಡಿನ ಪಿನ್ ಮ್ಯಾಲೇ ನೋಡ್ದೆ, ಲೋಡ್ ಇದ್ದಾಗೂ 5 ವೋಲ್ಟಿನ ಕೆಳಗ ಇಳೀಲಿಲ್ಲ. ಅದರ ಫೋಟೋನೂ ಕಳಿಸ್ದೆ. ಉತ್ತರ ಇಲ್ಲ.

ಕರ್ನಲ್ ಬಿಲ್ಡ್ ಮಾಡೋವಾಗ ಈ ಡ್ರೈವರ್ ಆಫ್ ಇಟ್ಟಿರಬಹುದು ಅಂತ ಸೋರ್ಸ್ (ಮೂಲ ಕೋಡ್) ಇಳಿಸಿ ನಾನs ಕಂಪೈಲ್ ಮಾಡ್ದೆ. ಕರ್ನಲ್ ನಂಬರ್ ಹೇಳೂ ಯೂನೇಮ್ ಕಮಾಂಡ್ 6.6 ತೋರಿಸ್ತಿತ್ತು, ಅದಕ್ಕ ಹೊಂದೂ ಹೆಡರ್ಸ್ (ಬಿಲ್ಡ್‌ಗೆ ಬೇಕಾದ ಕರ್ನಲ್ ಫೈಲ್‌ಗಳು) ಹಾಕ್ದೆ, ಒಂದು ಎರರ್ ಇಲ್ದಂಗ ಬಿಲ್ಡ್ ಆತು. ಲೋಡ್ ಮಾಡಿದ್ರ "ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್". ಡಿಮೆಸೇಜ್ (ಕರ್ನಲ್ ಲಾಗ್) ನೋಡಿದ್ರ ವರ್ಷನ್ ಮ್ಯಾಜಿಕ್ (ಡ್ರೈವರ್ ಯಾವ ಕರ್ನಲ್‌ಗೆ ಬಿಲ್ಡ್ ಆಗ್ಯದ ಅನ್ನೋ ಗುರುತು) 6.6 ಅದ, 4.4 ಇರಬೇಕಿತ್ತು ಅಂತ ಒಂದು ಸಾಲು. 4.4 ಎಲ್ಲಿಂದ ಬಂತು? ಸ್ಕ್ರೀನ್‌ಶಾಟ್ ಕಳಿಸಿ ಕೇಳ್ದೆ. "ಅದು ಬಗ್ ಸರ್, ಇಗ್ನೋರ್ ಮಾಡ್ರಿ. ನಮ್ಮ ಲೈಸೆನ್ಸ್ಡ್ ಡ್ರೈವರ್ ಅದ, ಒಂದು ಬೋರ್ಡಿಗೆ 1,500 ರೂಪಾಯಿ, ಹಾಕಿದ ಕೂಡ್ಲೇ ನಡೀತದ."

ಚಾಟ್ನಿ ಮುಗಿದು ಎಲಿ ಒಡೀಲಿಕ್ಕತ್ತಿದ್ದು, ಬಾಜೂದವ್ರು ದಿನಾ ಮುಂಜಾನೆ ಫೋನ್ ಮಾಡಿ "ಇವತ್ತ ಔಷಧ ಹೊಡಿಬೇಕೋ ಬ್ಯಾಡೋ" ಅಂತ ಕೇಳ್ತಿದ್ರು, ರೊಕ್ಕ ಹಾಕ್ದೆ. ಎಲ್ಲಾ ಬೋರ್ಡಿಗೂ ಹಾಕ್ದೆ. ಅಂವ ಒಂದು ಕೆಓ ಫೈಲ್ (ಬಿಲ್ಡ್ ಆದ ಡ್ರೈವರ್) ವಾಟ್ಸಾಪ್‌ನ್ಯಾಗ ಕಳಿಸ್ದ. ಲೋಡ್ ಆತು. ವೈಫೈ ಬಂತು!

ಅದs ಚಿಪ್ಪು, ಅದs ಡ್ರೈವರ್, ನಾ ಮಾಡಿದ್ದು ನಡಿಯಂಗಿಲ್ಲ, ಅಂವ ಕಳಿಸಿದ್ದು ನಡೀತದ, ಹೆಂಗ? ರಾತ್ರಿ ಎರಡೂ ಫೈಲಿಗೆ ಮಾಡ್‌ಇನ್ಫೋ (ಡ್ರೈವರ್ ಫೈಲಿನ ಮಾಹಿತಿ ತೋರಿಸೂ ಕಮಾಂಡ್) ಕೊಟ್ಟು ಬಾಜೂಕ ಬಾಜೂ ಇಟ್ಟು ನೋಡ್ದೆ. ನಂದು 6.6. ಅವಂದು 4.4. ನಡಿಯೂ ಕರ್ನಲ್ ತಾನs ತನ್ನ ನಂಬರ್ ಹೇಳೂ ಪ್ರಾಕ್ ಒಳಗಿನ ವರ್ಷನ್ ಫೈಲ್ ತಗದೆ, ಅಲ್ಲೂ 4.4. ಡ್ರೈವರ್ ಇಡೂ ಲಿಬ್ ಮಾಡ್ಯೂಲ್ಸ್ ಫೋಲ್ಡರ್‌ದಾಗ ಅಂವ ಕೊಟ್ಟಿದ್ದೆಲ್ಲಾ 4.4, 6.6ದು ಇದ್ರ ಅದು ನಾ ಬಿಲ್ಡ್ ಮಾಡಿ ಇಟ್ಟಿದ್ದು ಅಷ್ಟs. ಆದ್ರ ಯೂನೇಮ್ ಮಾತ್ರ 6.6 ಅಂತದ. ಆಮ್ಯಾಲ ಆ ಕಮಾಂಡ್ ಯಾವ ಫೋಲ್ಡರ್‌ದಿಂದ ಬರ್ತದ ಅಂತ ನೋಡಾಕ "ವಿಚ್ ಯೂನೇಮ್" ಹೊಡದೆ. ಅದು ಯುಎಸ್‌ಆರ್ ಬಿನ್‌ದಾಗ ಇರಬೇಕು, ಬಂದಿದ್ದು ಯುಎಸ್‌ಆರ್ ಲೋಕಲ್ ಬಿನ್. ತಗದು ನೋಡಿದ್ರ ಅದು ಪ್ರೋಗ್ರಾಮs ಅಲ್ಲ. ಒಂದು ಶೆಲ್ ಸ್ಕ್ರಿಪ್ಟ್ (ಕಮಾಂಡ್ ಬರೆದಿಟ್ಟ ಫೈಲ್), ಅದರಾಗ ಬರದಿದ್ದನ್ನ ಹಂಗs ತೋರಿಸೂ ಎಕೋ ಅಂತ ಒಂದು ಸಾಲು, ಅದರ ಮುಂದ ಕೈಯಾರೆ ಟೈಪ್ ಮಾಡಿದ 6.6. ಅಷ್ಟs. ಲಾಗಿನ್ ಆದಾಗ ಬರೂ ಬ್ಯಾನರ್‌ದಾಗೂ ಅದs ನಂಬರ್ ಬರೆದಿಟ್ಟಾನ.

ಹಳೇ ಕರ್ನಲ್ ಕೊಟ್ಟಿದ್ರ ಒಂದು ಮಾತು, ಭಾಳ ಬೋರ್ಡ್ ಹಂಗs ಬರ್ತಾವ, ಚಿಪ್ ಕಂಪನಿ ಕೊಟ್ಟ ಕರ್ನಲ್ ಮ್ಯಾಲೇ ವರ್ಷಾನುಗಟ್ಟಲೆ ನಿಂತಿರ್ತಾವ, ಗೊತ್ತದ. ಆದ್ರ ನಾ ನಂಬೂ ಕಮಾಂಡನ್ನs ತಿರುಚಿ ಇಡೋದು? ನಾ ಕಂಪೈಲ್ ಮಾಡಿದ್ದು ಫೇಲ್ ಆಗಲಿ, ಅವನ ಫೈಲ್ ಅಷ್ಟs ನಡೀಲಿ, ರೊಕ್ಕ ಬರಲಿ ಅಂತ ಕುಂತು ಯೋಚನೆ ಮಾಡಿ ಮಾಡ್ಯಾನ ಇದನ್ನ. ಮ್ಯಾಲ ಆ ಡ್ರೈವರ್ ಲೈಸೆನ್ಸ್ ಏನು ಅಂತ ನೋಡಿದ್ರ, ಅವನ ಫೈಲಿನ ಒಳಗs ಬರದದ, ಜಿಪಿಎಲ್, ಅಂದ್ರ ಸೋರ್ಸ್ ಬಿಚ್ಚಿ ಕೊಡಬೇಕಾದ ಲೈಸೆನ್ಸ್.

ಫೋನ್ ಹಚ್ಚಿ ಕೇಳ್ದೆ. ಮೊದ್ಲ "ಕಂಪ್ಯಾಟಿಬಿಲಿಟಿ ಸಲುವಾಗಿ ಹಂಗ ಇಟ್ಟೀವಿ" ಅಂದ. ಯಾವ ಕಂಪ್ಯಾಟಿಬಿಲಿಟಿ ಅಂದ್ರ "ನಿಮಗ ಕೆಲಸ ಆತಲ್ಲ, ನಂಬರ್ ತಗೊಂಡು ಏನ್ ಮಾಡ್ತೀರಿ?" ಅಂದ. 4.4 ಬಂದಿದ್ದು 2016ರಾಗ, ಅದಕ್ಕ ಸೆಕ್ಯೂರಿಟಿ ರಿಪೇರಿ ನಿಂತಿದ್ದು 2022ರ ಫೆಬ್ರುವರಿಗೆ. ಈ ಬೋರ್ಡ್ ಇಂಟರ್‌ನೆಟ್‌ಗೆ ಹಚ್ಚಿ ಪಂಪ್ ಚಾಲೂ ಬಂದ್ ಮಾಡಾಕ ಕೊಟ್ಟೀನಿ ಮಂದಿಗೆ. ಆಲ್‌ವಿನ್ನರ್ ಕಂಪನಿ ಚಿಪ್‌ಗಳ 3.4 ಕರ್ನಲ್‌ದಾಗ ಒಂದು ಡಿಬಗ್ ಫೈಲ್ ಹಂಗs ಬಿಟ್ಟಿದ್ದು 2016ರಾಗ ಬಯಲಾತು, ಅದಕ್ಕ ಒಂದು ಶಬ್ದ ಬರೆದ್ರ ಯಾವ ಪ್ರೋಗ್ರಾಮಿಗೂ ರೂಟ್ (ಪೂರಾ ಅಧಿಕಾರ) ಸಿಗ್ತಿತ್ತು. ನಂಬರ್ ತಗೊಂಡು ಏನ್ ಮಾಡ್ತೀರಿ ಅಂದ್ರ ಇಂಥಾ ಕಿಂಡಿ ಅದ ಏನು ಅಂತ ನೋಡ್ತೀವಿ.

ಸೋರ್ಸ್ ಕೊಡ್ರಿ ಅಂದೆ. "ಅದು ಕಂಪನಿ ಸೀಕ್ರೆಟ್." ಲಿನಕ್ಸ್ ಕರ್ನಲ್ ಜಿಪಿಎಲ್ ಎರಡನೇ ವರ್ಷನ್ ಕೆಳಗ ಅದ. ರೊಕ್ಕ ತಗೊಂಡು ಮಾರೋದು ತಪ್ಪಲ್ಲ, ಅದಕ್ಕ ಅವಕಾಶ ಅದ, ಆದ್ರ ಬೈನರಿ (ಬಿಲ್ಡ್ ಆದ ಫೈಲ್) ಕೊಟ್ಟವ ಸೋರ್ಸ್ ಜೋಡಿ ಕೊಡಬೇಕು, ಇಲ್ಲಾ ಕಮ್ಮೀತ ಕಮ್ಮಿ ಮೂರು ವರ್ಷ ಕೇಳಿದವರಿಗೆ ಕೊಡ್ತೀನಿ ಅಂತ ಬರದು ಕೊಡಬೇಕು. ಇದನ್ನ ಬರದು ಕಳಿಸಿದ ಮ್ಯಾಲ ನನ್ನ ನಂಬರ್ ಬ್ಲಾಕ್ ಮಾಡ್ಯಾನ.

ಬ್ಯಾರೆ ಲಿನಕ್ಸ್ ಇಮೇಜ್ ಹಾಕಿದ್ರ ಮುಗೀತಲ್ಲ ಅಂತ ಕೆಲವರು ಅಂತಾರ. ಹಾಕಿ ನೋಡೀನಿ. ಬೂಟ್ ಆಗ್ತದ, ಆರ್‌ಎಸ್-485 ಬರಂಗಿಲ್ಲ, ಯಾಕಂದ್ರ ಯಾವ ಪಿನ್ನಿಗೆ ಏನು ಜೋಡಿಸ್ಯಾನ ಅನ್ನೋದು ಅವನ ಡಿವೈಸ್ ಟ್ರೀದಾಗ (ಬೋರ್ಡಿನ ಜೋಡಣಿ ಕರ್ನಲ್‌ಗೆ ಹೇಳೂ ಫೈಲ್) ಅಷ್ಟs ಅದ. ಪಿಸಿಯಂಗ ಬಯೋಸ್ ಹೇಳಂಗಿಲ್ಲ ಇಲ್ಲಿ. ಡಿಟಿಸಿ ಟೂಲ್ ಹಾಕಿ ಅವನ ಡಿಟಿಬಿ (ಬಿಲ್ಡ್ ಆದ ಡಿವೈಸ್ ಟ್ರೀ) ಬಿಚ್ಚಿ ಒಂದೊಂದs ಪಿನ್ ಹುಡುಕಿ ಹೊಸ ಕರ್ನಲ್‌ಗೆ ಬರಿಬೇಕಾತು. ಅಷ್ಟರಾಗ ಒಂದು ಪಡದಾಗ ಡೌನಿ ಕಾಣಿಸ್ಕೊಂಡಿತ್ತು. ಆ ರೈತಗ ನಾ ಏನಂತ ಹೇಳ್ಲಿ?

ತಗೋಳೂ ಮುಂಚೆ ಬೋರ್ಡ್ ಚಾಲೂ ಮಾಡಿಸ್ರಿ, ಪ್ರಾಕ್ ವರ್ಷನ್ ನೋಡ್ರಿ, ಲಿಬ್ ಮಾಡ್ಯೂಲ್ಸ್ ನೋಡ್ರಿ, ಯೂನೇಮ್ ಎಲ್ಲಿಂದ ಬರ್ತದ ನೋಡ್ರಿ. ಡಿಟಿಎಸ್ (ಡಿವೈಸ್ ಟ್ರೀ ಸೋರ್ಸ್) ಮತ್ತ ಕರ್ನಲ್ ಸೋರ್ಸ್ ಕೊಡ್ತೀನಿ ಅಂತ ಬಿಲ್ ಮ್ಯಾಲ ಬರಿಸ್ರಿ. ಬರಿಯಂಗಿಲ್ಲ ಅಂದ್ರ ಎದ್ದು ಬರ್ರಿ.

ಗ್ರಾಹಕರ ಸಹಾಯವಾಣಿ 1915ಕ್ಕ ಕಂಪ್ಲೇಂಟ್ ಕೊಟ್ಟೀನಿ, ಆಗಲಿಲ್ಲಂದ್ರ ವಿಜಯಪುರದಾಗs ಗ್ರಾಹಕರ ಆಯೋಗಕ್ಕ ಹೋಗ್ತೀನಿ, 2019ರ ಕಾಯ್ದೆ ಪ್ರಕಾರ ನಾವು ಇರೂ ಜಿಲ್ಲೆದಾಗs ಕೇಸ್ ಹಾಕಬಹುದು, ಬೆಳಗಾವಿಗೆ ಅಡ್ಡಾಡೋದು ಬೇಕಾಗಿಲ್ಲ. ಅದs ಬೇಸ್ ಬೋರ್ಡ್ ತಗೊಂಡು ಸಿಕ್ಕಿ ಬಿದ್ದವರು ಯಾರರೇ ಇದ್ರ ಮೆಸೇಜ್ ಮಾಡ್ರಿ, ನಾ ಬಿಚ್ಚಿ ಬರೆದ ಡಿಟಿಎಸ್ ಕಳಿಸ್ತೀನಿ, ರೊಕ್ಕ ಬ್ಯಾಡ.