ಹತ್ತು ರೂಪಾಯಿಯ ಅರ್ಜಿ: ರೈಲಿಗೆ ಉತ್ತರ ಬಂತು, ರಸ್ತೆಗೆ ಡಾಂಬರು ಬಂತು, ದೋಣಿಗೆ ಹಿಂಬರಹ ಬಂತು

ಕಳೆದ ವರ್ಷದ ಮಳೆಗಾಲ ಮುಗಿಯುತ್ತಿದ್ದಂತೆ ಬಾಗಲಕೋಟೆಯ ನವನಗರದಲ್ಲಿರುವ ನನ್ನ ಮನೆಯಿಂದ ಮೂರು ಮಾಹಿತಿ ಹಕ್ಕು ಅರ್ಜಿಗಳು ಹೊರಟವು. ಒಂದು ರೈಲು ಮಾರ್ಗದ್ದು, ಒಂದು ಹಳ್ಳಿ ರಸ್ತೆಯದು, ಇನ್ನೊಂದು ಕೃಷ್ಣಾ ನದಿಯನ್ನು ದಾಟಿಸುವ ದೋಣಿಯದು. ಪ್ರತಿಯೊಂದಕ್ಕೂ 10 ರೂಪಾಯಿ ಶುಲ್ಕ. ಹಣ ಪಡೆದು ಕೊಡುವ ಯಾವುದನ್ನಾದರೂ ಸೇವೆ ಎಂದೇ ಕರೆಯಬೇಕು, ಸೇವೆಯಾದ ಮೇಲೆ ಅದರ ಗುಣಾವಗುಣವನ್ನೂ ಹೇಳಬಹುದು ಎಂಬ ಲೆಕ್ಕದಲ್ಲಿ ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ತೀರ್ಪನ್ನು ಮುಚ್ಚಿಡುವುದಿಲ್ಲ. ಅರ್ಜಿಯನ್ನು ಎಷ್ಟೇ ಚೆನ್ನಾಗಿ ಬರೆದರೂ ಫಲ ಸಿಗುವುದು, ಕೇಳಿದ ಕಾಮಗಾರಿಗೆ ಕಾಗದದ ಮೇಲೆ ಒಬ್ಬ ಒಡೆಯನಿದ್ದರೆ ಮಾತ್ರ.

ಸೇವೆಯ ಷರತ್ತುಗಳನ್ನು ಮೊದಲು ಹೇಳಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಸಾರ್ವಜನಿಕ ಮಾಹಿತಿ ಅಧಿಕಾರಿಯು 30 ದಿನಗಳೊಳಗೆ ಉತ್ತರಿಸಬೇಕು. ಆ ಗಡುವು ದಾಟಿದರೆ ಮಾಹಿತಿಯನ್ನು ಪ್ರತಿಗಳ ಶುಲ್ಕವಿಲ್ಲದೆ ಕೊಡಬೇಕು. ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಅದೇ ಇಲಾಖೆಯ ಹಿರಿಯ ಅಧಿಕಾರಿಗೆ 30 ದಿನಗಳಲ್ಲಿ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನಗಳಲ್ಲಿ ಮಾಹಿತಿ ಆಯೋಗಕ್ಕೆ ಎರಡನೆಯದು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗವು ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ವಿಧಿಸಬಹುದು. ರಾಜ್ಯದ ಕಚೇರಿಗಳಿಗೆ ಬರೆಯುವಾಗ ಕರ್ನಾಟಕದ ನಿಯಮ ಇನ್ನೊಂದು ಹಗ್ಗ ಕಟ್ಟುತ್ತದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ ಸಾಮಾನ್ಯವಾಗಿ 150 ಪದ ಮೀರದಂತೆ. ಕೇಂದ್ರದ ನಿಯಮದಲ್ಲಿ 500 ಪದಗಳ ಅವಕಾಶವಿದೆ. 150 ಪದದ ಮಿತಿಯನ್ನು ಹಲವರು ಅನ್ಯಾಯವೆಂದು ದೂರುತ್ತಾರೆ. ನನಗೆ ಅದರಿಂದ ಉಪಕಾರವೇ ಆಯಿತು, ಏಕೆಂದರೆ ನನ್ನ ಮೊದಲ ಕರಡಿನಲ್ಲಿ ಮುಕ್ಕಾಲು ಭಾಗ ಸಿಟ್ಟೇ ತುಂಬಿತ್ತು.

ರೈಲಿನ ಅರ್ಜಿ ಬಾಗಲಕೋಟೆ–ಕುಡಚಿ ಮಾರ್ಗಕ್ಕೆ ಸಂಬಂಧಿಸಿದ್ದು. ಈ ಜಿಲ್ಲೆಯಲ್ಲಿ ಇದರ ಪರಿಚಯ ಯಾರಿಗೂ ಬೇಕಿಲ್ಲ. 2010–11ರಲ್ಲಿ ಮಂಜೂರಾದ 142 ಕಿಲೋಮೀಟರ್ ಮಾರ್ಗ ಇದು; ವೆಚ್ಚದ ಅರ್ಧ ರಾಜ್ಯದ್ದು, ಭೂಮಿಯನ್ನೂ ರಾಜ್ಯವೇ ಕೊಡಬೇಕು ಎಂಬ ಕರಾರು. ಲೋಕಾಪುರದ ಸಿಮೆಂಟು, ಮುಧೋಳ–ಜಮಖಂಡಿ ಭಾಗದ ಸಕ್ಕರೆ, ಬನಹಟ್ಟಿಯ ಸೀರೆ ಇವೆಲ್ಲ ರೈಲು ಏರಬೇಕಿತ್ತು. ಖಜ್ಜಿಡೋಣಿಯ ತನಕದ ಹಳಿ ಮೊದಲು ಸಿದ್ಧವಾಯಿತು. ಕುಡಚಿ ಇನ್ನೂ ದೂರ. ಮಂಜೂರಾದ ವರ್ಷ ಹುಟ್ಟಿದ ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುವ ವಯಸ್ಸಿಗೆ ಬಂದಿದ್ದಾರೆ.

ಅರ್ಜಿ ಬರೆಯುವ ಮೊದಲು ಒಂದು ಪಾಠ ಕಲಿತೆ, ಅದನ್ನು ಇಲ್ಲಿ ಹೇಳುವುದು ಅಗತ್ಯ. ರೈಲ್ವೆಯ ಕಾಮಗಾರಿಗಳ ಪಟ್ಟಿಯಾದ ಪಿಂಕ್ ಬುಕ್ ಪ್ರತಿ ವರ್ಷ ಬಜೆಟ್ಟಿನ ಜೊತೆಗೆ ಪ್ರಕಟವಾಗುತ್ತದೆ. ಪ್ರತಿ ಯೋಜನೆಯ ಅಂದಾಜು ವೆಚ್ಚ, ಅದುವರೆಗೆ ಖರ್ಚಾದ ಹಣ, ಆ ವರ್ಷಕ್ಕೆ ಇಟ್ಟ ಹಣ ಎಲ್ಲವೂ ಅದರಲ್ಲಿವೆ. 150 ಕೋಟಿ ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ಕೇಂದ್ರ ಯೋಜನೆಗಳ ವಿಳಂಬವನ್ನು ಕೇಂದ್ರದ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ ಬೇರೆಯಾಗಿ ದಾಖಲಿಸುತ್ತದೆ. ಇವನ್ನು ಓದದೆ ಅರ್ಜಿ ಹಾಕುವುದು ಫಲಕ ನೋಡದೆ ಬಸ್ಸು ಹತ್ತಿದಂತೆ. ಆದ್ದರಿಂದ ಆ ಪಟ್ಟಿಯಲ್ಲಿ ಇಲ್ಲದ ಒಂದನ್ನಷ್ಟೇ ಕೇಳಿದೆ: ಯಾವ ಯಾವ ಹಳ್ಳಿಯಲ್ಲಿ ಎಷ್ಟೆಷ್ಟು ಭೂಮಿ ಹಸ್ತಾಂತರವಾಗಿದೆ, ಯಾವ ದಿನಾಂಕದಂದು.

ಉತ್ತರ ಗಡುವಿನೊಳಗೆ ಬಂತು. ಹಳ್ಳಿವಾರು ಕೋಷ್ಟಕ, ದಿನಾಂಕದ ಅಂಕಣ, ಕೆಳಗೆ ಅಧಿಕಾರಿಯ ಹೆಸರು, ಸಹಿ, ಮೇಲ್ಮನವಿ ಯಾರಿಗೆ ಹೋಗಬೇಕೆಂಬ ವಿಳಾಸ. ಕೆಲವು ಹಳ್ಳಿಗಳ ಮುಂದೆ ದಿನಾಂಕದ ಜಾಗ ಖಾಲಿ ಇತ್ತು. ಆ ಖಾಲಿ ಮನೆಗಳೇ ನನಗೆ ಬೇಕಾಗಿದ್ದ ಉತ್ತರ. ತಡಕ್ಕೆ ರೈಲ್ವೆ ಕಾರಣವೋ ರಾಜ್ಯ ಕಾರಣವೋ ಎಂದು ಹೋಟೆಲಿನ ಕಟ್ಟೆಯ ಮೇಲೆ ವರ್ಷಗಟ್ಟಲೆ ನಡೆದ ವಾದಕ್ಕೆ ಈಗ ಊರಿನ ಹೆಸರಿನೊಂದಿಗೆ ಮಾತಾಡುವ ಅನುಕೂಲ ಬಂದಿದೆ. ಕಿತ್ತೂರಿನ ಮೂಲಕ ಹಾಯುವ 73 ಕಿಲೋಮೀಟರಿನ ಧಾರವಾಡ–ಬೆಳಗಾವಿ ಹೊಸ ಮಾರ್ಗದ ಬಗ್ಗೆ ಬೆಳಗಾವಿಯ ಮಿತ್ರರು ಇದೇ ಪ್ರಶ್ನೆಯನ್ನು ಇದೇ ರೀತಿ ಕೇಳಬಹುದು. ಅಲ್ಲಿಯೂ ಗಂಟು ಭೂಮಿಯದ್ದೇ.

ರಸ್ತೆಯ ಅರ್ಜಿ ಇನ್ನೂ ಸ್ವಾರಸ್ಯಕರ. ನನ್ನ ಅಕ್ಕನ ಊರಿಗೆ ಹೋಗುವ ಆರೇಳು ಕಿಲೋಮೀಟರ್ ರಸ್ತೆಗೆ ಡಾಂಬರು ಬಿದ್ದು ಎರಡು ಮಳೆಗಾಲ ಕಳೆದಿರಲಿಲ್ಲ, ಆಗಲೇ ಅಂಚು ಒಡೆದು ನಡುವೆ ಹೊಂಡಗಳೆದ್ದವು. ನಮ್ಮದು ಎರೆಭೂಮಿ, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣು. ಅದರ ಮೇಲೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡುತ್ತವೆ. ಇದನ್ನು ನೆಪವಾಗಿ ಹೇಳುವವರಿದ್ದಾರೆ. ಆದರೆ ಎರೆಭೂಮಿ ನಿನ್ನೆ ಮೊನ್ನೆ ಬಂದದ್ದಲ್ಲ, ಕಬ್ಬೂ ಅಲ್ಲ. ಅಂದಾಜು ಪಟ್ಟಿ ತಯಾರಿಸುವವರಿಗೆ ಇವೆರಡೂ ಗೊತ್ತಿರಲೇಬೇಕು.

ಇಂಥ ಅರ್ಜಿಯಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. «ರಸ್ತೆ ಯಾಕೆ ಹಾಳಾಯಿತು» ಎಂದು ಕೇಳುತ್ತಾರೆ. ಕಾಯ್ದೆ ಕೊಡುವುದು ಕಚೇರಿಯಲ್ಲಿ ಇರುವ ದಾಖಲೆಯನ್ನು. ಅಧಿಕಾರಿ ಕೂತು ಕಾರಣ ಹುಡುಕಿ ಬರೆದುಕೊಡಬೇಕೆಂಬ ನಿಯಮವಿಲ್ಲ. «ಯಾಕೆ» ಎಂಬ ಪ್ರಶ್ನೆಗೆ ನಿರಾಕರಣೆ ಬರುವುದು ಖಚಿತ. ಕೇಳಬೇಕಾದದ್ದು ಅಂದಾಜು ಪಟ್ಟಿಯ ಪ್ರತಿ, ಕರಾರು ಪತ್ರ, ಅಳತೆ ಪುಸ್ತಕ, ಬಿಲ್ಲು ಪಾವತಿಯ ವಿವರ, ಗುತ್ತಿಗೆದಾರನೇ ದುರಸ್ತಿ ಮಾಡಿಕೊಡಬೇಕಾದ ಅವಧಿ ಎಂದು ಮುಗಿಯುತ್ತದೆ ಎಂಬ ದಿನಾಂಕ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಆ ನಿರ್ವಹಣೆಯ ಹೊಣೆ 5 ವರ್ಷ ಗುತ್ತಿಗೆದಾರನ ಮೇಲೆಯೇ ಇರುತ್ತದೆ, ಮತ್ತು ಅದನ್ನು ಬರೆದ ಫಲಕ ರಸ್ತೆಯ ಬದಿಯಲ್ಲೇ ನಿಂತಿರಬೇಕು. ನಮ್ಮ ರಸ್ತೆಯ ಫಲಕ ನಿಂತಿತ್ತು; ಅದರ ಮೇಲೆ ಯಾರದೋ ಹುಟ್ಟುಹಬ್ಬದ ಶುಭಾಶಯದ ಕಾಗದ ಅಂಟಿಸಿದ್ದರಿಂದ ಗುತ್ತಿಗೆದಾರನ ಹೆಸರು ಕಾಣುತ್ತಿರಲಿಲ್ಲ.

ಇದಕ್ಕಿಂತ ಹರಿತವಾದ ಸಾಧನವೊಂದು ಕಾಯ್ದೆಯ 2ನೇ ಕಲಮಿನಲ್ಲಿಯೇ ಇದೆ, ಅದನ್ನು ಬಳಸುವವರು ಕಡಿಮೆ. ಮಾಹಿತಿ ಹಕ್ಕು ಎಂದರೆ ಕಾಗದದ ಪ್ರತಿ ಪಡೆಯುವುದು ಮಾತ್ರವಲ್ಲ. ಕಾಮಗಾರಿಯನ್ನು ಪರಿಶೀಲಿಸುವ ಹಕ್ಕು ಮತ್ತು ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿಯನ್ನು ಪಡೆಯುವ ಹಕ್ಕು ಕೂಡ ಅದರಲ್ಲಿ ಸೇರಿದೆ. ನಾನು ಅಳತೆ ಪುಸ್ತಕದ ಜೊತೆಗೆ ಡಾಂಬರಿನ ಮಾದರಿಯನ್ನೂ ಕೇಳಿದೆ. ಪರಿಶೀಲನೆಗೆ ದಿನಾಂಕ ಗೊತ್ತುಪಡಿಸಿ ಪತ್ರ ಬಂತು. ಆ ದಿನಾಂಕಕ್ಕೆ ನಾಲ್ಕು ದಿನ ಮೊದಲು ಅಕ್ಕ ಫೋನು ಮಾಡಿ, «ತಮ್ಮಾ, ರಸ್ತಾಕ್ಕ ರೋಲರ್ ಬಂದೈತಿ ನೋಡ, ಏನ್ ಮಾಡಿದಿಪಾ ನೀ?» ಎಂದು ಕೇಳಿದಳು. ಹೊಂಡಗಳು ಮುಚ್ಚಿದವು. ಅಳತೆ ಪುಸ್ತಕವನ್ನು ಗುಮಾಸ್ತರ ಪಕ್ಕದಲ್ಲಿ ಕೂತು ನೋಡಿದೆ. ಚಹಾ ಕೂಡ ಕೊಟ್ಟರು. ಪುಸ್ತಕದಲ್ಲಿದ್ದ ದಪ್ಪ ಹಾಗೂ ರಸ್ತೆಯ ಅಂಚಿನಲ್ಲಿ ನಾನು ಪಟ್ಟಿ ಇಟ್ಟು ನೋಡಿದ ದಪ್ಪ ಒಂದೇ ಆಗಿರಲಿಲ್ಲ. ಅದನ್ನು ಲಿಖಿತವಾಗಿ ತಿಳಿಸಿದ್ದೇನೆ, ಅದಕ್ಕೆ ಇನ್ನೂ ಉತ್ತರವಿಲ್ಲ. ಸೇವೆಯ ದೃಷ್ಟಿಯಿಂದ ಇದನ್ನು ಪೂರ್ಣ ಯಶಸ್ಸು ಎನ್ನಲಾರೆ. ಕೇಳಿದ್ದು ಮಾಹಿತಿ, ಸಿಕ್ಕಿದ್ದು ತೇಪೆ. ಆದರೂ ಅಕ್ಕನ ಊರಿನವರ ಲೆಕ್ಕದಲ್ಲಿ 10 ರೂಪಾಯಿಗೆ ಇಷ್ಟು ಡಾಂಬರು ಯಾರೂ ತಂದಿರಲಿಲ್ಲ.

ಇನ್ನು ದೋಣಿ. ಆಲಮಟ್ಟಿ ಜಲಾಶಯದಲ್ಲಿ ನೀರನ್ನು 519.60 ಮೀಟರಿನ ತನಕ ನಿಲ್ಲಿಸಿದ ಮೇಲೆ ಕೃಷ್ಣೆ ಈ ಭಾಗದಲ್ಲಿ ಹೊಳೆಯಾಗಿ ಉಳಿದಿಲ್ಲ. ಹಳೆಯ ಬಾಗಲಕೋಟೆಯ ಭಾಗಗಳೇ ನೀರಿಗೆ ಹೋಗಿ ನವನಗರ ಹುಟ್ಟಿತು. ಕೊಲ್ಹಾರದಂಥ ಕಡೆ ಉದ್ದನೆಯ ಸೇತುವೆ ಇದೆ, ಅಲ್ಲಿ ಬಸ್ಸು ನಿಲ್ಲಿಸಿ ಮಡಿಕೆಯ ಮೊಸರು ಕೊಳ್ಳುವಷ್ಟು ವ್ಯವಧಾನವೂ ಪ್ರಯಾಣಿಕರಿಗಿದೆ. ಸೇತುವೆ ಇಲ್ಲದ ಕಡೆಯವರಿಗೆ ದೋಣಿಯೇ ಗತಿ. ನಾನು ಕೇಳಿದ ಕಡವಿನಲ್ಲಿ ಆಚೆ ದಡದ ಹೊಲಕ್ಕೆ, ಶಾಲೆಗೆ, ಸಂತೆಗೆ ಹೋಗುವವರು ದಿನವೂ ದಾಟುತ್ತಾರೆ. ರಸ್ತೆ ಸುತ್ತಿ ಹೋದರೆ ಒಂದು ತಾಸಿಗೂ ಹೆಚ್ಚು, ನೀರಿನ ಮೇಲೆ ಹದಿನೈದು ನಿಮಿಷ. ಡೀಸೆಲ್ ಎಂಜಿನ್ ಕಟ್ಟಿದ ದೋಣಿ, ಅದರಲ್ಲಿ ಮೋಟಾರು ಸೈಕಲ್ಲು, ಹಾಲಿನ ಕ್ಯಾನು, ಮೇವಿನ ಹೊರೆ, ಮಕ್ಕಳು. ಜೀವರಕ್ಷಕ ಜಾಕೆಟ್ ಒಂದೂ ಕಾಣಲಿಲ್ಲ. ಎಷ್ಟು ಜನ ಹತ್ತಬಹುದೆಂದು ಬರೆದ ಫಲಕವೂ ಇರಲಿಲ್ಲ.

ನನ್ನ ಪ್ರಶ್ನೆಗಳು ಮೂರೇ. ಈ ದೋಣಿಯ ನೋಂದಣಿ ಸಂಖ್ಯೆ ಏನು, ತಪಾಸಣೆ ಕೊನೆಗೆ ಯಾವಾಗ ಆಯಿತು, ದರವನ್ನು ಯಾರು ನಿಗದಿ ಮಾಡಿದರು. ಈ ಪ್ರಶ್ನೆಗಳು ಹುಚ್ಚು ಕಲ್ಪನೆಯವಲ್ಲ. 1917ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದ 2021ರ ಒಳನಾಡು ಜಲಯಾನಗಳ ಕಾಯ್ದೆಯ ಪ್ರಕಾರ ಎಂಜಿನ್ ಇರುವ ದೋಣಿಗೆ ನೋಂದಣಿ ಬೇಕು, ತಪಾಸಣಾ ಪ್ರಮಾಣಪತ್ರ ಬೇಕು. ಎಂಜಿನ್ ಇಲ್ಲದವುಗಳನ್ನೂ ಸ್ಥಳೀಯವಾಗಿ ದಾಖಲಿಸುವ ವ್ಯವಸ್ಥೆಯನ್ನು ಅದು ಹೇಳುತ್ತದೆ. ಇನ್ನೂ ಒಂದು ತಮಾಷೆ ಇದೆ. 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಪಟ್ಟಿ ಮಾಡಿತು. ಅದರಲ್ಲಿ ನಮ್ಮ ಘಟಪ್ರಭೆ, ಮಲಪ್ರಭೆ, ಭೀಮೆ ಮೂರೂ ಇವೆ. ಬೇಸಿಗೆಯಲ್ಲಿ ಎಮ್ಮೆ ಮೈತೊಳೆಯಲೂ ನೀರು ಸಾಲದ ಹೊಳೆಗಳಿಗೆ ದಿಲ್ಲಿಯ ಪಟ್ಟಿಯಲ್ಲಿ ಸ್ಥಾನ ಸಿಕ್ಕಿದೆ, ದಿನವೂ ಜನ ದಾಟುವ ದೋಣಿಗೆ ತಾಲ್ಲೂಕಿನ ಒಂದು ರಿಜಿಸ್ಟರಿನಲ್ಲಿ ಸಾಲು ಸಿಕ್ಕಿಲ್ಲ.

ಮೊದಲ ಕಚೇರಿ ನನ್ನ ಅರ್ಜಿಯನ್ನು ಕಾಯ್ದೆಯ 6(3)ನೇ ಕಲಮಿನಡಿ 5 ದಿನಗಳೊಳಗೆ ಎರಡನೆಯದಕ್ಕೆ ವರ್ಗಾಯಿಸಿತು. ಆ ಚುರುಕು ನೋಡಿ ಸಂತೋಷಪಟ್ಟೆ. ಎರಡನೆಯ ಕಚೇರಿ, ನೀರು ತನ್ನದು, ನೀರಿನ ಮೇಲೆ ತೇಲುವುದು ತನ್ನದಲ್ಲ ಎಂಬ ಅರ್ಥದ ಹಿಂಬರಹ ಕೊಟ್ಟು ಮೂರನೆಯದಕ್ಕೆ ಕಳಿಸಿತು. ಮೂರನೆಯದು ದಡದ ಮಟ್ಟಿಗೆ ಮಾತ್ರ ತನ್ನ ವ್ಯಾಪ್ತಿ ಎಂದಿತು. ನಾಲ್ಕನೆಯದು ಜಿಲ್ಲೆಯಲ್ಲೇ ಇರಲಿಲ್ಲ. ಅಲ್ಲಿಂದ ಬಂದ ಒಂದು ಸಾಲಿನ ಉತ್ತರದಲ್ಲಿ «ಸದರಿ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ» ಎಂದಿತ್ತು. ನಾಲ್ಕೂ ಹಿಂಬರಹಗಳ ಭಾಷೆ ಸೌಜನ್ಯದಿಂದ ಕೂಡಿದೆ, ಕಾಗುಣಿತದ ತಪ್ಪಿಲ್ಲ, ದಿನಾಂಕಗಳು ಸರಿಯಾಗಿವೆ. ಯಾರೂ ಸುಳ್ಳು ಹೇಳಲಿಲ್ಲ ಎಂದೇ ನನ್ನ ನಂಬಿಕೆ. ಆ ದೋಣಿ ನಿಜವಾಗಿಯೂ ಯಾರದೂ ಅಲ್ಲ.

ಅಂಬಿಗನನ್ನೇ ಕೇಳಿದೆ. «ಯಾವ ಕಚೇರಿರೀ ಸರ? ನಮ್ಮಪ್ಪ ನಡಸ್ತಿದ್ದ, ಈಗ ನಾ ನಡಸ್ತೀನಿ. ಎಂಜಿನ್ ಕೆಟ್ರ ಊರಾನವರು ಪಟ್ಟಿ ಹಾಕಿ ಮಾಡಿಸಿಕೊಡ್ತಾರ್ರಿ,» ಎಂದ. ಅವನ ಮಾತಿನಲ್ಲಿ ದೂರು ಇರಲಿಲ್ಲ, ಸ್ವಲ್ಪ ಹೆಮ್ಮೆಯೇ ಇತ್ತು. ಈ ಹೆಮ್ಮೆಗೆ ನಮ್ಮಲ್ಲಿ ಇತಿಹಾಸವಿದೆ. 1989ರಲ್ಲಿ ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಸರ್ಕಾರಕ್ಕೆ ಕಾಯದೆ, ತಮ್ಮದೇ ಹಣ ಮತ್ತು ಬೆವರು ಹಾಕಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಎಂಬ ಅದರ ಹೆಸರೇ ಆ ಕಥೆ ಹೇಳುತ್ತದೆ. ಆದರೆ ಜನ ತಾವೇ ಮಾಡಿಕೊಂಡ ಕೆಲಸ ಕಚೇರಿಯ ಕಣ್ಣಿಗೆ ಬೀಳುವುದಿಲ್ಲ ಎಂಬುದೂ ಅಷ್ಟೇ ದಿಟ. ಟೆಂಡರ್ ಇಲ್ಲ, ಬಿಲ್ಲಿಲ್ಲ, ಆದ್ದರಿಂದ ಕಡತವಿಲ್ಲ. ಕಡತವಿಲ್ಲದ್ದರ ಬಗ್ಗೆ ಮಾಹಿತಿ ಹಕ್ಕು ಕುರುಡು. 2019ರ ಆಗಸ್ಟಿನ ಪ್ರವಾಹದಂಥ ದಿನಗಳಲ್ಲಿ ಮಾತ್ರ ಎಲ್ಲ ಇಲಾಖೆಗಳಿಗೂ ದೋಣಿಗಳು ಒಮ್ಮೆಲೇ ನೆನಪಾಗುತ್ತವೆ.

ಇದೇ ಕೆಲಸಕ್ಕೆ ಬೇರೆ ಸೇವೆಗಳೂ ಇವೆ. ರಾಜ್ಯದ 1902 ಸಹಾಯವಾಣಿ ಒಂದು ಹೊಂಡ, ಒಂದು ದೀಪದಂಥ ದೂರಿಗೆ ಸಾಕು. ರೈಲಿನೊಳಗಿನ ತೊಂದರೆಗೆ 139 ಸರಿ. ಯೋಜನೆಯ ಲೆಕ್ಕ ಕೇಳಲು ಇವು ಬಾರವು, ದೂರು «ವಿಲೇವಾರಿ» ಎಂದು ಮುಚ್ಚಿದ ಮೇಲೆ ಕೈಯಲ್ಲಿ ಕಾಗದ ಉಳಿಯುವುದಿಲ್ಲ.

ಮಾಹಿತಿ ಹಕ್ಕು ಅರ್ಜಿಗೆ ಅಂಕ ಕೊಡಬೇಕೆಂದರೆ ಐದಕ್ಕೆ ರೈಲಿಗೆ ನಾಲ್ಕು, ರಸ್ತೆಗೆ ಮೂರು ಕೊಡುತ್ತೇನೆ. ದೋಣಿಗೆ ಅರ್ಧ, ಅದೂ ಹಿಂಬರಹಗಳ ಅಚ್ಚುಕಟ್ಟಿಗೆ. ಟಪಾಲಿನ ಸ್ವೀಕೃತಿ ಚೀಟಿ ಜೋಪಾನವಾಗಿಡುವ ಅಭ್ಯಾಸ ಮತ್ತು ಮೂರು ತಿಂಗಳ ತಾಳ್ಮೆ ಇರುವವರು ಇದನ್ನು ಬಳಸಬಹುದು. ರಾಜ್ಯದ ಕಚೇರಿಗಳ ವಿರುದ್ಧದ ಎರಡನೇ ಮೇಲ್ಮನವಿಗೆ ಈಗ ಬೆಂಗಳೂರಿಗೇ ಹೋಗಬೇಕಿಲ್ಲ, ಮಾಹಿತಿ ಆಯೋಗದ ಪೀಠ ಬೆಳಗಾವಿಯಲ್ಲಿಯೇ ಇದೆ. ದೋಣಿಯ ಮೇಲ್ಮನವಿಯನ್ನು ಅಲ್ಲಿಗೇ ಸಲ್ಲಿಸಿದ್ದೇನೆ. ಎದುರುದಾರರು ಯಾರೆಂದು ಬರೆಯುವ ಜಾಗದಲ್ಲಿ ನಾಲ್ಕೂ ಕಚೇರಿಗಳ ಹೆಸರು ಹಾಕಬೇಕಾಯಿತು. ನಮೂನೆಯಲ್ಲಿ ಅಷ್ಟು ಸ್ಥಳವಿರಲಿಲ್ಲವಾದ್ದರಿಂದ ಪ್ರತ್ಯೇಕ ಹಾಳೆ ಲಗತ್ತಿಸಿದ್ದೇನೆ.