ಜಾಂಗೋ, ಪೋಸ್ಟ್‌ಗ್ರೆಸ್: ಮೂರು ಜನರ ಕಂಪನಿಗೆ ಧಾರಾಳ

ಮೈಸೂರಲ್ಲಿ ನಾವು ಮೂರೇ ಜನ, ಹಾಲಿನ ಡೇರಿ ಲೆಕ್ಕದ ಆ್ಯಪ್ ಕಟ್ತಿದ್ದೀವಿ. ಆ್ಯಪನ್ನು ಪುಟ್ಟ ಪುಟ್ಟ ಪ್ರೋಗ್ರಾಂಗಳಾಗಿ ಒಡೆಯೋ ಮೈಕ್ರೋಸರ್ವೀಸ್ ಗೋಜಿಗೇ ಹೋಗದೆ, ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟೋ ರೆಡಿ ಚೌಕಟ್ಟಾದ ಜಾಂಗೋ ಹಿಡಿದೆವು, ಡೇಟಾಬೇಸಿಗೆ ಪೋಸ್ಟ್‌ಗ್ರೆಸ್. ಒಂದೇ ಕೋಡ್‌ಬೇಸ್, ಒಂದೇ ಸರ್ವರ್. ಇದರ ಅಡ್ಮಿನ್ ಪೇಜಿಗೇ ಅರ್ಧ ಮಾರ್ಕ್ಸ್ ಕೊಡಬೇಕು. ಯಾವ್ಯಾವ ಮಾಹಿತಿ ಇಡಬೇಕು ಅನ್ನೋ ಮಾಡೆಲ್ ಬರೆದು ರಿಜಿಸ್ಟರ್ ಮಾಡಿದರೆ ಫ್ಯಾಟ್ ರೇಟು ತಿದ್ದೋಕೆ, ರೈತರ ಹೆಸರು ಸೇರಿಸೋಕೆ ಸ್ಕ್ರೀನ್ ರೆಡಿ. ಕೋಡ್ ಗಂಧವೇ ಇಲ್ಲದ ನಮ್ಮ ಅಕೌಂಟ್ಸ್ ಮೇಡಂ ಅದರಲ್ಲೇ ಕೆಲಸ ಮುಗಿಸ್ತಾರೆ. ಕಳಿಸಬೇಕಾದ ಎಸ್ಸೆಮ್ಮೆಸ್‌ಗಳ ಕ್ಯೂಗೂ ಪೋಸ್ಟ್‌ಗ್ರೆಸ್ ಟೇಬಲ್ಲೇ ಸಾಕು. ಬೇರೆಯವರು ಹಿಡಿದ ಸಾಲನ್ನು ಬಿಟ್ಟು ಮುಂದೆ ಹೋಗೋ 'ಸ್ಕಿಪ್ ಲಾಕ್ಡ್' ಹಾಕಿದರೆ ಎರಡು ವರ್ಕರ್ (ಮೆಸೇಜ್ ಕಳಿಸೋ ಪ್ರೋಗ್ರಾಂ) ಒಟ್ಟಿಗೆ ಒಂದೇ ಮೆಸೇಜಿಗೆ ಕೈ ಹಾಕಲ್ಲ.

ಕೊರತೆ? ಡೇಟಾಬೇಸಿಗೆ ಕೇಳೋ ಕ್ವೆರಿಗಳನ್ನ ತಾನೇ ಬರೆದುಕೊಳ್ಳೋ ಜಾಂಗೋದ ಓಆರ್‌ಎಂ ಮೈಮರೆಸುತ್ತೆ. ಸಂಬಂಧಪಟ್ಟ ಟೇಬಲ್ಲಿನ ಮಾಹಿತಿಯನ್ನೂ ಒಟ್ಟಿಗೇ ತರೋ 'ಸೆಲೆಕ್ಟ್ ರಿಲೇಟೆಡ್' ಹಾಕೋದು ಬಿಟ್ಟರೆ ಲಿಸ್ಟಿನ ಸಾಲುಸಾಲಿಗೂ ಒಂದೊಂದು ಕ್ವೆರಿ.

'ಬಳಸೋರು ಜಾಸ್ತಿಯಾದ್ರೆ ಸ್ಕೇಲ್ ಆಗುತ್ತಾ?' ಅಂತಾರೆ. 2012ರಲ್ಲಿ ಫೇಸ್‌ಬುಕ್ ಕೊಂಡಾಗ ಇನ್‌ಸ್ಟಾಗ್ರಾಮ್ ಓಡ್ತಿದ್ದದ್ದು ಇದೇ ಜೋಡಿಯ ಮೇಲೆ, ಇದ್ದವರು 13 ಜನ. ನಮಗಿನ್ನೂ ಐದನೇ ಡೇರಿಯೇ ಸಿಕ್ಕಿಲ್ಲ ಸ್ವಾಮಿ.