ಟೊಯೊಟಾ ಜಿಟಿ86: ಡ್ರಿಫ್ಟ್ ಕಲಿಯುವವರಿಗೆ ಹೇಗಿದೆ?

2012ರಲ್ಲಿ ಬಂದ ಈ ಕಾರು ಡ್ರಿಫ್ಟ್ (ಹಿಂಭಾಗವನ್ನು ಬೇಕೆಂದೇ ಜಾರಿಸುತ್ತಾ ತಿರುವಿನಲ್ಲಿ ಓಡಿಸೋದು) ಕಲಿಯೋಕೆ ಹೇಳಿ ಮಾಡಿಸಿದ ಹಾಗಿದೆ. ರಿಯರ್ ವೀಲ್ ಡ್ರೈವ್ (ಎಂಜಿನ್ ಬಲ ಹಿಂಚಕ್ರಗಳಿಗೆ), ಆ ಬಲ ಒಂದೇ ಚಕ್ರಕ್ಕೆ ಪೋಲಾಗದಂತೆ ಎರಡಕ್ಕೂ ಹಂಚುವ ಟಾರ್ಸೆನ್ ಡಿಫರೆನ್ಷಿಯಲ್, ಕೈಯಲ್ಲಿ ಎಳೆಯುವ ಹ್ಯಾಂಡ್‌ಬ್ರೇಕ್. ಕಂಪನಿ ಕೊಡುತ್ತಿದ್ದ 215 ಮಿ.ಮೀ. ಅಗಲದ ಟೈರುಗಳ ಹಿಡಿತ ಕಡಿಮೆ. ನಿಧಾನ ವೇಗದಲ್ಲೇ ಹಿಂಭಾಗ ಜಾರುತ್ತೆ. ಹೊಸಬರಿಗೆ ಬೇಕಾದ್ದೂ ಅದೇ.

ನೀರು ಹಾಯಿಸಿದ ಖಾಲಿ ಟ್ರ್ಯಾಕಿನಲ್ಲಿ, ಹೆಲ್ಮೆಟ್ ಹಾಕಿಕೊಂಡು, ಸ್ಟೆಬಿಲಿಟಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಬಟನ್ 3 ಸೆಕೆಂಡ್ ಒತ್ತಿಹಿಡಿದು ಆಫ್ ಮಾಡಿ. ಒಂದೇ ಕೋನ್ ಸುತ್ತ ಫಸ್ಟ್ ಗೇರಿನಲ್ಲಿ ಶುರು. ಹಿಂಭಾಗ ಜಾರಿದೊಡನೆ ಸ್ಟೇರಿಂಗ್ ಸಡಿಲ ಬಿಡಿ, ಅದೇ ತಿರುಗಿಕೊಳ್ಳುತ್ತೆ; ಹೆಬ್ಬೆರಳು ಸ್ಟೇರಿಂಗ್ ಒಳಗೆ ಸಿಕ್ಕಿಸಬೇಡಿ. ಗಾಬರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಟೈರು ತಟ್ಟನೆ ಹಿಡಿದು ಕಾರು ಎದುರು ದಿಕ್ಕಿಗೆ ಎಗರುತ್ತೆ. ಸ್ಪಿನ್ ಆದರೆ ಕ್ಲಚ್, ಬ್ರೇಕ್ ಎರಡೂ ಒತ್ತಿ.

ಬೇಸರದ ಸಂಗತಿ, 4,000 ಆರ್‌ಪಿಎಂ ಆಸುಪಾಸಿನಲ್ಲಿ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಸೊರಗುತ್ತೆ. ಒಣ ಡಾಂಬರಿನ ಮೇಲೆ ಸೆಕೆಂಡ್ ಗೇರಿನ ಡ್ರಿಫ್ಟ್ ಅರ್ಧಕ್ಕೇ ಸತ್ತುಹೋಗೋದು ಅಲ್ಲೇ.